ತಂತಿಯ ಒಡೆಯ ಯಾರು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು – ನೀವು ಇವುಗಳಲ್ಲಿ ಯಾವ ತಾಲ್ಲೂಕಿನವರಾದರೂ ಮನೆಯ ವಿದ್ಯುತ್ ಬಿಲ್ಲನ್ನು ಒಮ್ಮೆ ನೋಡಿ. ಅದರ ಮೇಲೆ ‘ಬೆಸ್ಕಾಂ’ ಎಂದಿರುತ್ತದೆ. ಇದು ಕಂಪನಿಯಾದರೂ ಒಡೆತನ ಸರ್ಕಾರದ್ದು. ಇದನ್ನು ಖಾಸಗಿ ಹೂಡಿಕೆದಾರರು ಕೊಂಡರೆ ನಿಮಗೇನು ವ್ಯತ್ಯಾಸ? ತಂತಿಯಲ್ಲಿ ಹರಿಯುವ ವಿದ್ಯುತ್ತು ಒಡೆಯ ಯಾರೇ ಆಗಲಿ ಒಂದೇ. ಆದರೆ ತೋಟದ ಟಿ.ಸಿ. ಸುಟ್ಟಾಗ ಹೊಸದು ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಒಡೆಯನ ಲೆಕ್ಕಾಚಾರಕ್ಕೆ ಸಂಬಂಧಿಸಿದ್ದು. ಇತಿಹಾಸವನ್ನು ಗಮನಿಸೋಣ.

ಎರಡು ಬಗೆಯ ಆರಂಭ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹರಿಯಿತು. ಕೊಳ್ಳುವವರು ಖಾಸಗಿ ಗಣಿ ಕಂಪನಿಗಳು. ಉತ್ಪಾದಿಸಿ ಮಾರಿದ್ದು ಮೈಸೂರು ಸರ್ಕಾರ. ನಮ್ಮ ನಾಲ್ಕೂ ಊರುಗಳು ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಅಲ್ಲಿ ವಿದ್ಯುತ್ತು ಮುಖ್ಯವಾಗಿ ಸರ್ಕಾರಿ ಉದ್ಯಮವಾಗಿಯೇ ಬೆಳೆಯಿತು.

ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಯ ಕಥೆ ಬೇರೆ. ಅಲ್ಲಿ ಪರವಾನಗಿ ಪಡೆದ ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿ ವಿದ್ಯುತ್ ಪೂರೈಸುತ್ತಿತ್ತು. 1910ರ ಕಾಯಿದೆಯಂತೆ, ಕಂಪನಿಯು ಬೇಕೆಂದೇ ದೀರ್ಘಕಾಲ ಕರ್ತವ್ಯ ತಪ್ಪಿದೆ ಎಂದು ಸರ್ಕಾರಕ್ಕೆ ಅನಿಸಿದರೆ, ಸಾರ್ವಜನಿಕ ಹಿತಕ್ಕಾಗಿ ಪರವಾನಗಿಯನ್ನು ರದ್ದುಪಡಿಸಬಹುದಿತ್ತು. ಹಾಗೆ ರದ್ದಾದಾಗ ಕಂಪನಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ಸರ್ಕಾರದ ಅಭಿಪ್ರಾಯ ಸರಿಯೇ ತಪ್ಪೇ ಎಂದು ತಾನು ನೋಡುವುದಿಲ್ಲ, ಅಂಥ ಅಭಿಪ್ರಾಯವನ್ನು ಅದು ನಿಜವಾಗಿ ತಳೆದಿತ್ತೇ ಎಂಬುದಷ್ಟೇ ಪ್ರಶ್ನೆ ಎಂದು ಆ ನ್ಯಾಯಪೀಠ ಹೇಳಿತು.

ಸ್ವಾತಂತ್ರ್ಯಾನಂತರ 1948ರ ಕಾಯಿದೆ ಖಾಸಗಿ ಕಂಪನಿಗಳ ಲಾಭಕ್ಕೂ ಮಿತಿ ಹಾಕಿತು. 1957ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ಮಂಡಲಿ ಬಂತು. 1969ರಲ್ಲಿ ಹುಕ್ಕೇರಿಯಲ್ಲಿ ಬಳಕೆದಾರರೇ ಸದಸ್ಯರಾಗಿರುವ ಸಹಕಾರ ಸಂಘ ಹುಟ್ಟಿತು. 1999ರಲ್ಲಿ ಮಂಡಲಿಯ ಜಾಗಕ್ಕೆ ಕೆಪಿಟಿಸಿಎಲ್ ಬಂದು, ದರ ನಿಗದಿಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ರಚನೆಯಾಯಿತು. 2002ರಲ್ಲಿ ಬೆಸ್ಕಾಂ ಮೊದಲಾದ ವಿತರಣಾ ಕಂಪನಿಗಳು ಬಂದವು. ಆಗ ಖಾಸಗೀಕರಣದ ಚರ್ಚೆ ಜೋರಾಗಿ ನಡೆದರೂ ಅದು ಜಾರಿಯಾಗಲಿಲ್ಲ.

ಹೊರಗಿನ ಅನುಭವ

ಒಡಿಶಾ 1999ರಲ್ಲಿ ವಿತರಣೆಯನ್ನು ಖಾಸಗಿಯವರಿಗೆ ಕೊಟ್ಟಿತು. ಅದೇ ವರ್ಷದ ಮಹಾ ಚಂಡಮಾರುತ ಕಂಬಗಳನ್ನು ಉರುಳಿಸಿತು. ಮಧ್ಯವಲಯವನ್ನು ವಹಿಸಿಕೊಂಡಿದ್ದ ಅಮೆರಿಕದ ಎಇಎಸ್ ಕಂಪನಿ 2001ರಲ್ಲಿ ಹೊರನಡೆಯಿತು. ದೆಹಲಿಯಲ್ಲಿ 2002ರ ನಂತರ ಸೋರಿಕೆ ಬಹಳ ಇಳಿಯಿತು. ಇದು ನಿಜವಾದ ಸಾಧನೆ. ಆದರೆ ದರದಲ್ಲಿ ವಸೂಲಾಗದ ಸಾವಿರಾರು ಕೋಟಿ ರೂಪಾಯಿ ಬಾಕಿ ಬೆಳೆಯಿತು. ಇಂಥ ಬಾಕಿಯನ್ನು ಕಾಲಮಿತಿಯಲ್ಲಿ ತೀರಿಸಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅಮೆರಿಕದ ಟೆಕ್ಸಾಸಿನದು ಇನ್ನೊಂದು ಪಾಠ. ‘ಪ್ರೈವೇಟ್ ಈಕ್ವಿಟಿ’ ಸಂಸ್ಥೆಗಳು ಹೂಡಿಕೆದಾರರ ಹಣಕ್ಕೆ ಭಾರೀ ಸಾಲ ಸೇರಿಸಿ ಕಂಪನಿಗಳನ್ನು ಕೊಂಡು, ಕೆಲವು ವರ್ಷಗಳ ನಂತರ ಮಾರುತ್ತವೆ. ಸಾಲದ ಹೊರೆ ಕೊಂಡ ಕಂಪನಿಯ ಮೇಲೆಯೇ ಬೀಳುತ್ತದೆ. 2007ರಲ್ಲಿ ಟಿಎಕ್ಸ್‌ಯು ಕಂಪನಿಯನ್ನು ಹೀಗೆ ಕೊಳ್ಳಲಾಯಿತು. ಅನಿಲದ ಬೆಲೆ ಕುಸಿದು 2014ರಲ್ಲಿ ಅದು 4,000 ಕೋಟಿ ಡಾಲರಿಗೂ ಮಿಕ್ಕ ಸಾಲದೊಂದಿಗೆ ದಿವಾಳಿಯಾಯಿತು. ಆದರೂ ಅಲ್ಲಿನ ಮನೆಗಳಲ್ಲಿ ದೀಪ ಆರಲಿಲ್ಲ. ತಂತಿಗಳ ಕಂಪನಿಯಾದ ಆಂಕಾರ್‌ನ ಲೆಕ್ಕವನ್ನು ಮೊದಲೇ ಪ್ರತ್ಯೇಕವಾಗಿ ಇಡಿಸಲಾಗಿತ್ತು.

ಆಯಸ್ಸು ಮತ್ತು ತಾಳ್ಮೆ

ಒಂದು ಬೀದಿಯಲ್ಲಿ ಎರಡು ಅಂಗಡಿ ಇರಬಹುದು. ಎರಡು ಸಾಲು ಕಂಬ ನೆಡುವುದು ದಂಡ. ಆದ್ದರಿಂದ ಗ್ರಾಹಕ ಬೇರೆ ತಂತಿಗೆ ಹೋಗಲಾರ. ದೆಹಲಿಯಲ್ಲಿ ಮನೆಗಳು ಒತ್ತಾಗಿವೆ. ಜಗಳೂರಿನಲ್ಲಿ ಪಂಪ್‌ಸೆಟ್‌ಗಳು ಹೊಲಗಳಲ್ಲಿ ಚದುರಿವೆ, ತಂತಿ ಉದ್ದ. ತಂತಿಯಲ್ಲಿ ಶಾಖವಾಗಿ ಹೋಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿದೆ: ಪ್ರವಾಹ ಎರಡರಷ್ಟಾದರೆ ನಷ್ಟ ನಾಲ್ಕರಷ್ಟು. 11 ಕಿಲೋವೋಲ್ಟ್ ತಂತಿಯನ್ನು ಹೊಲದ ಹತ್ತಿರಕ್ಕೆ ಒಯ್ದು ಚಿಕ್ಕ ಟಿ.ಸಿ.ಗಳನ್ನಿಟ್ಟರೆ ನಷ್ಟ ತಗ್ಗುತ್ತದೆ. ಆದರೆ ಹಾಕಿದ ಹಣ ಹಿಂದಿರುಗಲು ವರ್ಷಗಳೇ ಬೇಕು. ಕೆಲವೇ ವರ್ಷಗಳಲ್ಲಿ ಮಾರಿ ಹೋಗುವ ಒಡೆಯನಿಗೆ ಅಷ್ಟು ತಾಳ್ಮೆ ಇರುವುದೇ?

ಹಾಗೆಂದು ಸರ್ಕಾರಿ ಒಡೆತನ ತಾನಾಗಿಯೇ ಒಳ್ಳೆಯದೆನ್ನುವಂತಿಲ್ಲ. ಗ್ರಾಹಕನನ್ನು ಕಾಯುವುದು ಷರತ್ತು, ಲೆಕ್ಕ, ನಿಗಾ. ದರ ಪರಿಷ್ಕರಣೆಗೆ ಮುನ್ನ ಆಯೋಗ ನಡೆಸುವ ಬಹಿರಂಗ ವಿಚಾರಣೆಯಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಶಿಕ್ಷಕರೇ, ಮುಂದಿನ ಸಲ ಬೆಸ್ಕಾಂನ ಅರ್ಜಿಯನ್ನು ತರಗತಿಗೆ ತನ್ನಿ. ನಷ್ಟದ ಅಂಕಿಗಳನ್ನು ಮಕ್ಕಳು ತಾವೇ ಲೆಕ್ಕ ಹಾಕಲಿ.