ಪೆನ್ನು ಕಡೆಯುವವರ ಕಥೆ

ಕೀಲಿಮಣೆ ಕುಟ್ಟುವ ನಾವು ಪೆನ್ನು ಹಿಡಿಯುವುದೇ ಅಪರೂಪ. ಆದರೂ ಮನೆಯಲ್ಲೇ ರೆಸಿನ್ ಕಲಸಿ, ಬಣ್ಣ ಹಾಕಿ, ಅಚ್ಚಿಗೆ ಸುರಿದು, ಗಟ್ಟಿಯಾದ ಸರಳನ್ನು ಲೇತಿಗೆ ಕೊಟ್ಟು ಪೆನ್ನು ಮಾಡಿಕೊಳ್ಳುವ ಹವ್ಯಾಸಿಗಳಿದ್ದಾರೆ. ಹೊಸ ಹುಚ್ಚು ಅನ್ನಬೇಡಿ, ಇದರ ಬೇರು ರಬ್ಬರಿನಲ್ಲಿದೆ!

ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಗಟ್ಟಿಯಾಗುತ್ತದೆ ಅಂತ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಿದ್ದು 1839ರಲ್ಲಿ. ಗಂಧಕ ಇನ್ನೂ ಜಾಸ್ತಿ ಹಾಕಿ, ಮರದಷ್ಟು ಗಟ್ಟಿ ಮಾಡಿ 1851ರಲ್ಲಿ ಪೇಟೆಂಟ್ ಪಡೆದವನು ಅವನ ತಮ್ಮ ನೆಲ್ಸನ್. ಅದೇ ಎಬೊನೈಟ್. ಶಾಯಿಗೆ ಜಗ್ಗುವುದಿಲ್ಲ, ಕೈಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ, ಉಳಿಗೆ ಬೆಣ್ಣೆಯ ಹಾಗೆ ಸಿಗುತ್ತದೆ, ಮರೆಯೂ ಚೆನ್ನಾಗಿ ಕೂರುತ್ತದೆ. ಒಂದೇ ದೋಷ, ಬಿಸಿಲಿಗೆ ಇಟ್ಟರೆ ಕಪ್ಪು ಹೋಗಿ ಕಂದು ಬರುತ್ತದೆ. 1884ರಲ್ಲಿ ವಾಟರ್‌ಮನ್ ಶಾಯಿ ಹರಿಯುವ ದಾರಿಗೆ ಪೇಟೆಂಟ್ ಪಡೆದ ಮೇಲೆ ದಶಕಗಳ ಕಾಲ ಪೆನ್ನೆಂದರೆ ಇದೇ ವಸ್ತು. 1924ರಲ್ಲಿ ಶೀಫರ್ ಕಂಪನಿ ಬಣ್ಣಬಣ್ಣದ ಸೆಲ್ಯುಲಾಯ್ಡ್ ತಂದಿತು. ಆಮೇಲೆ ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತೆಗೆಯುವ ಯಂತ್ರಗಳು ಬಂದವು, ಲೇತಿನ ಕೆಲಸ ಮುಗಿಯಿತು.

ನನಗೆ ಇಷ್ಟವಾಗುವುದು ರಾಜಮಂಡ್ರಿಯ ಕಥೆ. ಅಕ್ಕಸಾಲಿಯಾಗಿದ್ದ ಕೆ.ವಿ. ರತ್ನಂ 1930ರ ದಶಕದಲ್ಲಿ ಎಬೊನೈಟ್ ಕಡೆದು ಸ್ವದೇಶಿ ಪೆನ್ನು ಮಾಡತೊಡಗಿದರು. 1935ರಲ್ಲಿ ಗಾಂಧೀಜಿ ಅವರಿಗೆ ಕಾಗದ ಬರೆದು, ಬಜಾರಿನ ವಿದೇಶಿ ಪೆನ್ನುಗಳಿಗೆ ಇದು ಒಳ್ಳೆಯ ಬದಲಿ ಎಂದರು. ಎಬೊನೈಟ್ ಹುಟ್ಟಿದ್ದು ಅಮೆರಿಕದಲ್ಲಿ, ಇದೆಂಥ ಸ್ವದೇಶಿ ಅಂತ ಯಾರಾದರೂ ಕೊಂಕು ತೆಗೆಯಬಹುದು. ನನ್ನ ಮಟ್ಟಿಗೆ ಪ್ರಶ್ನೆ ವಸ್ತುವಿನದ್ದಲ್ಲ, ಕೂಲಿಯದ್ದು. ದುಡ್ಡು ಊರಿನ ಅಕ್ಕಸಾಲಿಯ ಕೈಗೆ ಬಂತಲ್ಲ!

ಬಾಲ್‌ಪೆನ್ನು ಬಂದು (1945ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಅಂಗಡಿಯಲ್ಲಿ ಜನ ಅದಕ್ಕೆ ಮುಗಿಬಿದ್ದರು) ನಿಬ್ಬಿನ ಪೆನ್ನನ್ನೇ ಮೂಲೆಗೆ ತಳ್ಳಿತು. ಲೇತಿಗೆ ಮತ್ತೆ ಜೀವ ಕೊಟ್ಟವರು ಹವ್ಯಾಸಿಗಳು. ರೆಸಿನ್ ಮತ್ತು ಗಟ್ಟಿಕಾರಕ ಎರಡನ್ನೂ ಅಳತೆಯಲ್ಲಿ ಬೆರೆಸಿದರೆ ತಾನೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಕಾಟ ಕೊಡುವುದು ಗಾಳಿಗುಳ್ಳೆ. ಅದಕ್ಕೇ ಅಚ್ಚನ್ನು ಒತ್ತಡದ ಪಾತ್ರೆಯಲ್ಲಿಟ್ಟು ಗಾಳಿ ತುಂಬುತ್ತಾರೆ, ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಕುಗ್ಗುತ್ತವೆ. (ಅಡುಗೆ ಕುಕ್ಕರಿನಲ್ಲಿ ಮಾಡಲು ಹೋಗಬೇಡಿ. ಕಡೆಯುವಾಗ ಏಳುವ ದೂಳು ಪುಪ್ಪುಸಕ್ಕೆ ಕೆಟ್ಟದ್ದು, ಮುಖವಾಡ ಬೇಕೇ ಬೇಕು.)

ಇವರಲ್ಲೂ ಎರಡು ಪಂಗಡ. ಸರಳಿಗೆ ತೂತು ಕೊರೆದು, ಹಿತ್ತಾಳೆ ಕೊಳವೆ ಅಂಟಿಸಿ, ಕೊಂಡು ತಂದ ಬಿಡಿಭಾಗ ಜೋಡಿಸುವವರು ಒಂದು. ಮರೆಯನ್ನೂ ರೆಸಿನ್ನಿನಲ್ಲೇ ಕೊರೆಯುವವರು ಇನ್ನೊಂದು. ಕೈಯಲ್ಲಿ ಮಾಡಿದ್ದು ಅನ್ನುವ ಮಾತು ಎರಡನೆಯವರಿಗೇ ಹೆಚ್ಚು ಒಪ್ಪುತ್ತದೆ ಅಂತ ನನ್ನ ವಾದ, ಜಗಳಕ್ಕೆ ಸಿದ್ಧ :-)

ಅಂದ ಹಾಗೆ, ರಾಳ ಮತ್ತು ಲೇತಿನ ನಂಟು ನಮಗೂ ಹಳೆಯದು. ಚನ್ನಪಟ್ಟಣದಲ್ಲಿ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಹಾಲೆಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದೂ ರಾಳವೇ, ಪುಟ್ಟ ಅರಗಿನ ಹುಳುಗಳು ಸುರಿಸಿದ್ದು.