ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಿಂತುಹೋದ ತಿದ್ದುಪಡಿ

1972ರ ಮಾರ್ಚ್ 22ರಂದು ಅಮೆರಿಕದ ಸೆನೆಟ್ ಸಮಾನ ಹಕ್ಕುಗಳ ತಿದ್ದುಪಡಿಯನ್ನು (ಇಆರ್‌ಎ) 84ಕ್ಕೆ 8 ಮತಗಳಿಂದ ಅಂಗೀಕರಿಸಿದಾಗ, ಅದು ಸಂವಿಧಾನಕ್ಕೆ ಸೇರುವುದರ ಬಗ್ಗೆ ಅನುಮಾನ ಪಟ್ಟವರು ಕಡಿಮೆ. ಹೆಣ್ಣೆಂದೋ ಗಂಡೆಂದೋ ಕಾನೂನು ಯಾರಿಗೂ ಸಮಾನತೆಯನ್ನು ನಿರಾಕರಿಸಬಾರದು ಎಂಬುದೇ ಅದರ ತಿರುಳು. ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಆಲಿಸ್ ಪಾಲ್ ಮತ್ತು ಸಂಗಾತಿಗಳು 1923ರಲ್ಲೇ ಮುಂದಿಟ್ಟಿದ್ದ ಬೇಡಿಕೆ ಅದು. ಹವಾಯಿ ರಾಜ್ಯ ಅದೇ ದಿನ ಅನುಮೋದನೆ ಕೊಟ್ಟಿತು. ವರ್ಷ ಕಳೆಯುವಷ್ಟರಲ್ಲಿ 22 ರಾಜ್ಯಗಳು ಒಪ್ಪಿದ್ದವು. ಬೇಕಿದ್ದುದು 38. ಆದರೆ ಹತ್ತು ವರ್ಷ ಕಳೆದು, ಒಮ್ಮೆ ವಿಸ್ತರಿಸಿದ ಗಡುವೂ 1982ರ ಜೂನ್ 30ರಂದು ತೀರಿದಾಗ ಎಣಿಕೆ 35ರಲ್ಲೇ ನಿಂತಿತ್ತು. ಈ ಸೋಲನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವರಿಸುತ್ತಾರೆ: ಫಿಲಿಸ್ ಶ್ಲಾಫ್ಲಿ ಎಂಬ ಒಬ್ಬ ಮಹಿಳೆಯ ಚಾತುರ್ಯ ಎಂದು, ಇಲ್ಲವೇ ದೇಶವೇ ಬಲಕ್ಕೆ ಹೊರಳುತ್ತಿದ್ದ ಕಾಲದ ಪ್ರಭಾವ ಎಂದು. ಎರಡರಲ್ಲೂ ಸತ್ಯಾಂಶವಿದೆ, ಎರಡೂ ಸಾಲವು. ತಿದ್ದುಪಡಿಯನ್ನು ತಡೆದದ್ದು ರಾಜ್ಯ ರಾಜಧಾನಿಗಳಲ್ಲಿ, ತಮ್ಮ ತಮ್ಮ ಶಾಸಕರನ್ನು ಹೆಸರು ಹಿಡಿದು ಬಲ್ಲ, ಮುಂದಿನ ಚುನಾವಣೆಯಲ್ಲಿ ಅವರಿಗೆ ವೋಟು ಹಾಕುವ ಅಥವಾ ಹಾಕದಿರುವ ಹೆಂಗಸರು. ವಾಷಿಂಗ್ಟನ್ನಿನಲ್ಲಿ ಗೆದ್ದವರು ಈ ಸಣ್ಣ ಕಣವನ್ನು ತೀರ ತಡವಾಗಿ ಗಮನಿಸಿದರು.

ಕಣ ಸಣ್ಣದಾದದ್ದು ಸಂವಿಧಾನದ ಏರ್ಪಾಡಿನಿಂದಲೇ. ನಮ್ಮ ಭಾರತದ ಸಂವಿಧಾನದ 368ನೇ ವಿಧಿಯ ಪ್ರಕಾರ ಮೂಲಭೂತ ಹಕ್ಕುಗಳ ಭಾಗವನ್ನು ತಿದ್ದಲು ಸಂಸತ್ತೇ ಸಾಕು; ರಾಜ್ಯಗಳ ಒಪ್ಪಿಗೆ ಬೇಕಾಗುವುದು ಒಕ್ಕೂಟದ ರಚನೆಗೆ ತಾಗುವ ಕೆಲವು ವಿಷಯಗಳಿಗೆ ಮಾತ್ರ, ಅಲ್ಲಿಯೂ ಅರ್ಧದಷ್ಟು ರಾಜ್ಯಗಳು ಒಪ್ಪಿದರೆ ಆಯಿತು. ಅಮೆರಿಕದಲ್ಲಿ ಯಾವ ತಿದ್ದುಪಡಿಗೂ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಬೇಕು. ಅಂದರೆ 13 ರಾಜ್ಯಗಳು ಸುಮ್ಮನೆ ಕುಳಿತರೂ ಕೆಲಸ ಕೆಟ್ಟಿತು. ಬಹುತೇಕ ರಾಜ್ಯಗಳಲ್ಲಿ ಎರಡು ಸದನಗಳಿರುವುದರಿಂದ, ಒಂದೊಂದು ರಾಜ್ಯದಲ್ಲೂ ಒಂದು ಸದನವನ್ನು ತಡೆದರೆ ಸಾಕು. ಆ ಸದನಗಳ ಸದಸ್ಯರಲ್ಲಿ ಬಹಳ ಮಂದಿ ವರ್ಷದ ಕೆಲವು ತಿಂಗಳು ಮಾತ್ರ ರಾಜಧಾನಿಗೆ ಬಂದು ಹೋಗುವ ವಕೀಲರು, ರೈತರು, ವ್ಯಾಪಾರಿಗಳು. ರಾಷ್ಟ್ರೀಯ ಸಮೀಕ್ಷೆಯ ಅಂಕಿಗಿಂತ ಸ್ವಂತ ಊರಿನಿಂದ ಬಂದ ನಲವತ್ತು ಕಾಗದಗಳು ಅಂಥವರಿಗೆ ಭಾರ. ಸಮೀಕ್ಷೆಗಳಲ್ಲಿ ಹೆಚ್ಚಿನ ಅಮೆರಿಕನ್ನರು ತಿದ್ದುಪಡಿಯ ಪರವಾಗಿದ್ದರು ಎಂಬುದು ನಿಜ. ಆ ಬೆಂಬಲ ಶಾಸಕನ ಮನೆ ಬಾಗಿಲಿಗೆ ಬರಲಿಲ್ಲ, ವಿರೋಧ ಬಂತು.

ಈ ವಿರೋಧ 1972ರಲ್ಲಿ ಹುಟ್ಟಿದ್ದೂ ಅಲ್ಲ. ಇಲಿನಾಯ್ ರಾಜ್ಯದ ಆಲ್ಟನ್ ಪಟ್ಟಣದ ಶ್ಲಾಫ್ಲಿ ಅಲ್ಲಿಯವರೆಗೆ ಬರೆದದ್ದು, ಮಾತಾಡಿದ್ದು ಹೆಚ್ಚಾಗಿ ಅಣ್ವಸ್ತ್ರ ಮತ್ತು ಸೋವಿಯತ್ ಬೆದರಿಕೆಯ ಬಗ್ಗೆ. 1964ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಪರವಾಗಿ ತಾವೇ ಅಚ್ಚು ಹಾಕಿಸಿದ ‘ಎ ಚಾಯ್ಸ್ ನಾಟ್ ಆ್ಯನ್ ಎಕೋ’ ಎಂಬ ಸಣ್ಣ ಪುಸ್ತಕ ಲಕ್ಷಗಟ್ಟಲೆ ಹರಡಿತು. ಹಂಚಿದವರು ಪಕ್ಷದ ಸ್ಥಳೀಯ ಕಾರ್ಯಕರ್ತರು. 1967ರಲ್ಲಿ ರಿಪಬ್ಲಿಕನ್ ಮಹಿಳಾ ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತಾಗ, ಬೆಂಬಲಿಗರ ವಿಳಾಸಗಳನ್ನು ಇಟ್ಟುಕೊಂಡು ತಿಂಗಳಿಗೊಂದು ಪುಟ್ಟ ವಾರ್ತಾಪತ್ರ ಶುರುಮಾಡಿದರು. ತಿದ್ದುಪಡಿಯನ್ನು ವಿರೋಧಿಸಿದ ಅವರ ಮೊದಲ ಬರಹ 1972ರ ಫೆಬ್ರವರಿಯಲ್ಲಿ ಬಂದದ್ದು ಇದೇ ಪತ್ರದಲ್ಲಿ. ಅದೇ ವರ್ಷ ‘ಸ್ಟಾಪ್ ಇಆರ್‌ಎ’ ಸಂಘಟನೆಯನ್ನು ಕಟ್ಟಿದಾಗ ರಾಜ್ಯವಾರು ಮುಖ್ಯಸ್ಥೆಯರನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಸಂಘಟನೆ ಮೊದಲು ಸಿದ್ಧವಾಗಿತ್ತು, ವಿಷಯ ಆಮೇಲೆ ಸಿಕ್ಕಿತು. ಚಳವಳಿಗಳ ಚರಿತ್ರೆ ಬರೆಯುವಾಗ ಈ ಅನುಕ್ರಮವನ್ನು ಹೆಚ್ಚು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ. ಎರಡು ದಶಕ ಮತಗಟ್ಟೆಗಳಲ್ಲಿ ಪಟ್ಟಿ ಹಿಡಿದು ಕುಳಿತ, ಚರ್ಚಿನ ಮಹಿಳಾ ಕೂಟಗಳನ್ನು ನಡೆಸಿದ, ಶಾಲಾ ಮಂಡಳಿಯ ಸಭೆಗಳಲ್ಲಿ ಎದ್ದು ನಿಂತ ಹೆಂಗಸರು ಅದಕ್ಕೆ ಮೊದಲೇ ರಾಜಕೀಯ ಕಲಿತಿದ್ದರು. ಮಾರ್ಮನ್ನರು, ಕ್ಯಾಥೊಲಿಕರು, ದಕ್ಷಿಣದ ಬ್ಯಾಪ್ಟಿಸ್ಟರು ಒಬ್ಬರ ದೇವಾಲಯಕ್ಕೆ ಒಬ್ಬರು ಕಾಲಿಡದ ಕಾಲದಲ್ಲಿ ಅವರನ್ನು ಒಂದೇ ಬಸ್ಸಿನಲ್ಲಿ ಕೂರಿಸಿ ರಾಜಧಾನಿಗೆ ಕರೆದೊಯ್ದದ್ದು ಸಣ್ಣ ಸಾಧನೆಯಲ್ಲ.

ಇಲಿನಾಯ್ ರಾಜಧಾನಿ ಸ್ಪ್ರಿಂಗ್‌ಫೀಲ್ಡ್ ಈ ಹೋರಾಟದ ಮುಖ್ಯ ರಣಭೂಮಿ. ಉತ್ತರದ ಕೈಗಾರಿಕಾ ರಾಜ್ಯಗಳಲ್ಲಿ ಅನುಮೋದನೆ ಕೊಡದೆ ಉಳಿದದ್ದು ಇಲಿನಾಯ್ ಒಂದೇ. ಅದನ್ನು ಹಿಂದುಳಿದ ರಾಜ್ಯ ಎನ್ನುವಂತೆಯೂ ಇರಲಿಲ್ಲ, ಏಕೆಂದರೆ ಅದರದೇ 1970ರ ಸಂವಿಧಾನದಲ್ಲಿ ಲಿಂಗ ಸಮಾನತೆಯ ವಿಧಿ ಇತ್ತು. ಆದರೆ ಅದೇ ಸಂವಿಧಾನ, ಕೇಂದ್ರದ ತಿದ್ದುಪಡಿಯನ್ನು ಅನುಮೋದಿಸಲು ಐದರಲ್ಲಿ ಮೂರು ಪಾಲು ಮತ ಬೇಕೆಂದೂ ಹೇಳಿತ್ತು. ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ, 1975ರಲ್ಲಿ, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದ ಜಾನ್ ಪಾಲ್ ಸ್ಟೀವನ್ಸ್ ಬರೆದ ತೀರ್ಪು, ಎಷ್ಟು ಮತ ಬೇಕೆಂಬುದನ್ನು ಶಾಸನಸಭೆಯೇ ನಿರ್ಧರಿಸಲಿ ಎಂದಿತು; ಸಭೆ ಆ ನಿಯಮವನ್ನೇ ಉಳಿಸಿಕೊಂಡಿತು. ಇನ್ನೊಂದು ಸಂಗತಿಯನ್ನು ಈ ಕಥೆ ಹೇಳುವವರು ಬಿಟ್ಟುಬಿಡುವುದುಂಟು. ಆಗ ಇಲಿನಾಯ್ ಕೆಳಮನೆಗೆ 59 ಕ್ಷೇತ್ರಗಳಿಂದ ತಲಾ ಮೂವರಂತೆ 177 ಸದಸ್ಯರು. ಪ್ರತಿ ಮತದಾರನಿಗೆ ಮೂರು ವೋಟು. ಮೂರನ್ನೂ ಒಬ್ಬನಿಗೇ ಹಾಕಬಹುದಿತ್ತು. ಇಂಥ ಪದ್ಧತಿಯಲ್ಲಿ ಕ್ಷೇತ್ರದ ಬಹುಮತಕ್ಕಿಂತ ಪಟ್ಟು ಹಿಡಿದ ಸಣ್ಣ ಗುಂಪು ಶಾಸಕನಿಗೆ ಮುಖ್ಯವಾಗುವುದು ಸಹಜ. ಶ್ಲಾಫ್ಲಿಯ ಕಡೆಯ ಹೆಂಗಸರು ಮನೆಯಲ್ಲಿ ಸುಟ್ಟ ಬ್ರೆಡ್ಡು, ಜಾಮು, ಸೇಬಿನ ಪೈ ಹಿಡಿದು ಶಾಸಕರ ಕೋಣೆಗಳಿಗೆ ಹೋಗುತ್ತಿದ್ದರು. ಇದನ್ನು ನಕ್ಕು ತಳ್ಳಿಹಾಕಿದವರು ಬ್ರೆಡ್ಡನ್ನು ಮಾತ್ರ ನೋಡಿದರು. ಅದನ್ನು ತಂದಾಕೆ ಯಾವ ಕ್ಷೇತ್ರದವಳೆಂದು ಶಾಸಕನಿಗೆ ಗೊತ್ತಿತ್ತು. 1980ರ ಜೂನ್ 18ರಂದು ಕೆಳಮನೆಯಲ್ಲಿ ತಿದ್ದುಪಡಿಗೆ 102 ಮತ ಬಂತು, ವಿರುದ್ಧ 71. ಬೇಕಿದ್ದುದು 107.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ: ಇದು ಜನರ ಗೆಲುವಲ್ಲ, ನಿಯಮದ ಗೆಲುವು. ಇಲಿನಾಯ್ ಮಟ್ಟಿಗೆ ಒಪ್ಪಲೇಬೇಕು. ಸರಳ ಬಹುಮತ ಸಾಕಿದ್ದರೆ ಆ ದಿನ ತಿದ್ದುಪಡಿ ಅಲ್ಲಿನ ಕೆಳಮನೆಯಲ್ಲಿ ಗೆಲ್ಲುತ್ತಿತ್ತು. ಆದರೆ ನಾರ್ತ್ ಕ್ಯಾರೊಲಿನಾ ಸೆನೆಟ್‌ನಲ್ಲಿ 1977ರಲ್ಲಿ ಅದು ಸೋತದ್ದು ಸರಳ ಬಹುಮತದಲ್ಲೇ, ಎರಡು ಮತಗಳಿಂದ. ಅದಕ್ಕಿಂತ ದೊಡ್ಡ ಸಾಕ್ಷಿ 1975ರ ನವೆಂಬರಿನದು. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಎರಡೂ ಕೇಂದ್ರದ ತಿದ್ದುಪಡಿಗೆ ಅಷ್ಟರಲ್ಲಿ ಒಪ್ಪಿಗೆ ಕೊಟ್ಟಿದ್ದ ರಾಜ್ಯಗಳು. ತಮ್ಮ ರಾಜ್ಯ ಸಂವಿಧಾನಗಳಿಗೆ ಅಂಥದೇ ವಿಧಿ ಸೇರಿಸುವ ಪ್ರಶ್ನೆ ನೇರವಾಗಿ ಮತದಾರರ ಮುಂದೆ ಬಂದಾಗ ಎರಡೂ ಕಡೆ ಅದು ಬಿದ್ದುಹೋಯಿತು. ಪಕ್ಷಗಳ ನಾಯಕರು, ಪತ್ರಿಕೆಗಳು ಬಹುತೇಕ ಪರವಾಗಿದ್ದಾಗ ಬಂದ ಫಲಿತಾಂಶವಿದು. ವಿಶೇಷ ಬಹುಮತದ ಯಾವ ಬೇಲಿಯೂ ಅಲ್ಲಿರಲಿಲ್ಲ.

ಇದು ನಿಜವಾದ ತಳಮಟ್ಟದ ಚಳವಳಿಯೇ ಅಲ್ಲ, ಮೇಲಿನವರು ಆಡಿಸಿದ ಗೊಂಬೆಯಾಟ ಎಂಬುದು ಇನ್ನೊಂದು ಆಕ್ಷೇಪ. ಶ್ಲಾಫ್ಲಿ ತಮ್ಮನ್ನು ಗೃಹಿಣಿ ಎಂದುಕೊಂಡರೂ ರ‍್ಯಾಡ್‌ಕ್ಲಿಫ್‌ನಲ್ಲಿ ಓದಿದವರು, ಎರಡು ಸಲ ಅಮೆರಿಕನ್ ಕಾಂಗ್ರೆಸ್ಸಿಗೆ ಸ್ಪರ್ಧಿಸಿದವರು, ಅನುಕೂಲಸ್ಥ ವಕೀಲರ ಪತ್ನಿ. ನಾರ್ತ್ ಕ್ಯಾರೊಲಿನಾದ ಸೆನೆಟರ್ ಸ್ಯಾಮ್ ಅರ್ವಿನ್ ತಮ್ಮ ಭಾಷಣಗಳನ್ನು ಸರ್ಕಾರಿ ಅಂಚೆ ಸವಲತ್ತಿನಲ್ಲಿ ಹಂಚಲು ನೆರವಾದರು. ಮಾರ್ಮನ್ ಚರ್ಚಿನ ವರಿಷ್ಠರು 1976ರಲ್ಲಿ ಅಧಿಕೃತವಾಗಿಯೇ ವಿರೋಧಿಸಿದರು. ಇವೆಲ್ಲ ನಿಜ, ಮತ್ತು ಇವನ್ನು ಮರೆಮಾಚುವುದು ತಪ್ಪು. ಆದರೂ ಮೇಲಿನಿಂದ ಬಂದ ಭಾಷಣದ ಪ್ರತಿ ಯಾರದೋ ಅಡುಗೆಮನೆಯ ಮೇಜಿನ ಮೇಲೆ ಬಂದು ಬಿದ್ದರೆ ಅದೇ ಕಾಗದ ಬರೆಯುವುದಿಲ್ಲ, ಫೋನು ಮಾಡುವುದಿಲ್ಲ. ಮಾಡಿದವರು ಇದ್ದರು, ಅವರಿಗೆ ಕಾರಣವೂ ಇತ್ತು. ಕ್ಯಾಲಿಫೋರ್ನಿಯಾ 1969ರಲ್ಲಿ ತಪ್ಪು ಸಾಬೀತುಪಡಿಸಬೇಕಿಲ್ಲದ ವಿಚ್ಛೇದನಕ್ಕೆ ದಾರಿ ತೆರೆದ ಮೇಲೆ ಒಂದೊಂದಾಗಿ ರಾಜ್ಯಗಳು ಅದೇ ಹಾದಿ ಹಿಡಿದಿದ್ದವು. ಇಪ್ಪತ್ತು ವರ್ಷ ಸಂಬಳದ ಕೆಲಸವಿಲ್ಲದೆ ಮನೆ ನಡೆಸಿದ ಹೆಣ್ಣಿಗೆ, ಗಂಡ ಸಾಕಲೇಬೇಕೆಂಬ ಕಾನೂನೂ ಹೋದರೆ ಗತಿಯೇನು ಎಂಬ ಭಯ ಕಲ್ಪಿತವಲ್ಲ. ತಿದ್ದುಪಡಿ ಆ ಸ್ಥಿತಿಯನ್ನು ಕೆಡಿಸುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಗಂಡು ಹೆಣ್ಣಿಗೆ ಒಂದೇ ಶೌಚಾಲಯ ಬರುತ್ತದೆ ಎಂಬ ಪ್ರಚಾರವಂತೂ ಹೆದರಿಸಲಿಕ್ಕೆಂದೇ ಮಾಡಿದ್ದು. ಹೆಣ್ಣುಮಕ್ಕಳ ಸೇನಾ ಭರ್ತಿಯ ಮಾತು ಬೇರೆ: ತಿದ್ದುಪಡಿಯ ಬೆಂಬಲಿಗರಲ್ಲೇ ಹಲವರು ಅದನ್ನು ತತ್ತ್ವವಾಗಿ ಒಪ್ಪಿಕೊಂಡರು, ಮತ್ತು ವಿಯೆಟ್ನಾಂ ಯುದ್ಧದ ದಿನಗಳಲ್ಲಿ ಮಗಳನ್ನು ಬೆಳೆಸುತ್ತಿದ್ದ ತಾಯಿಗೆ ಅಷ್ಟು ಸಾಕಾಗಿತ್ತು. ಗೃಹಿಣಿಯ ಭದ್ರತೆಯ ಪ್ರಶ್ನೆಗೆ ನ್ಯಾಯವಾದ ಉತ್ತರ ಸಮಾನತೆಯ ಪಕ್ಷದಿಂದಲೇ, ಅವಳ ಊರಿಗೇ ಹೋಗಿ ಬರಬೇಕಿತ್ತು. ಅದು ಬಾರದ ಕಡೆ ಶ್ಲಾಫ್ಲಿಯ ವಾರ್ತಾಪತ್ರ ತಲುಪಿತ್ತು.

ರಿಪಬ್ಲಿಕನ್ ಪಕ್ಷ 1940ರಲ್ಲಿ ಈ ತಿದ್ದುಪಡಿಯನ್ನು ಪ್ರಣಾಳಿಕೆಗೆ ಸೇರಿಸಿಕೊಂಡಿತ್ತು. 1980ರಲ್ಲಿ, ರೊನಾಲ್ಡ್ ರೇಗನ್ ಅಭ್ಯರ್ಥಿಯಾದ ಸಮಾವೇಶದಲ್ಲಿ, ಆ ಬೆಂಬಲವನ್ನು ಕೈಬಿಟ್ಟಿತು. ಅಷ್ಟರೊಳಗೆ ನೆಬ್ರಾಸ್ಕಾ, ಟೆನೆಸಿ, ಐಡಹೊ, ಕೆಂಟಕಿ ಶಾಸನಸಭೆಗಳು ಕೊಟ್ಟ ಅನುಮೋದನೆಯನ್ನು ಹಿಂಪಡೆಯಲು ಮತ ಹಾಕಿದ್ದವು. ಮುಂದೆ 1989ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ಕೊಯಲಿಷನ್ ಎಂಬ ಧಾರ್ಮಿಕ ಬಲಪಂಥೀಯ ಸಂಘಟನೆ ಶಾಲಾ ಮಂಡಳಿಗಳಿಂದಲೇ ಕೆಲಸ ಶುರುಮಾಡಿದ್ದು ಸ್ಥಳೀಯ ಕಣದ ಇದೇ ಪಾಠವನ್ನು ಚೆನ್ನಾಗಿ ಓದಿಕೊಂಡು. ಈ ರಾಜಕಾರಣವನ್ನು ಒಪ್ಪದವರು ಅದನ್ನು ಎದುರಿಸಬೇಕಾದದ್ದೂ ಅಲ್ಲೇ. ಗೃಹಿಣಿಯರನ್ನು ಮೋಸಹೋದವರೆಂದು ಕರೆದು ಗೆದ್ದ ರಾಜ್ಯ ಒಂದೂ ಇಲ್ಲ. ನೆವಾಡ 2017ರಲ್ಲಿ, ಇಲಿನಾಯ್ 2018ರ ಮೇ 30ರಂದು, ವರ್ಜೀನಿಯಾ 2020ರಲ್ಲಿ ಅನುಮೋದನೆ ಕೊಟ್ಟು 38ರ ಎಣಿಕೆ ತುಂಬಿಸಿದವು. ಗಡುವು ಮೀರಿದೆ ಎಂಬ ಕಾರಣಕ್ಕೆ ರಾಷ್ಟ್ರೀಯ ಪತ್ರಾಗಾರ ತಿದ್ದುಪಡಿಯನ್ನು ಸಂವಿಧಾನದ ಭಾಗವೆಂದು ಪ್ರಕಟಿಸಿಲ್ಲ.