ಮೂವತ್ತೆರಡು ಪುಟದ ಚೌಕಟ್ಟು

ಅಮರ ಚಿತ್ರ ಕಥೆ ಮೊದಲು ಬಂದದ್ದು ಕನ್ನಡದಲ್ಲಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ೧೯೬೫ರಲ್ಲಿ ಇಂಡಿಯಾ ಬುಕ್ ಹೌಸ್‌ನ ಪರವಾಗಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಜಿ.ಕೆ. ಅನಂತರಾಮ್, ಮಕ್ಕಳಿಗೆ ಕನ್ನಡದಲ್ಲೇ ಚಿತ್ರಕಥೆ ತರೋಣ ಎಂದರು. ಸಿಂಡರೆಲಾ, ಅಲ್ಲಾದೀನನಂಥ ಹೊರಗಿನ ಕಥೆಗಳ ಹತ್ತು ಪುಸ್ತಕ ಬಂದವು. ಇಂಗ್ಲಿಷ್ ಸರಣಿ ೧೧ನೇ ಸಂಖ್ಯೆಯ ಕೃಷ್ಣನಿಂದ ಶುರುವಾಗೋದು ಅದಕ್ಕೇ. ಹೆಸರು ಮಾತ್ರ ಸಂಪಾದಕ ಅನಂತ ಪೈ ಅವರಿಗೆ ಹೋಯಿತು. ಅವರೂ ನಮ್ಮ ಕಾರ್ಕಳದವರೇ, ಇರಲಿ.

೧೯೬೭ರಲ್ಲಿ ಪೈ ದೆಹಲಿಯಲ್ಲಿ ಟಿವಿಯ ರಸಪ್ರಶ್ನೆಯೊಂದನ್ನು ನೋಡಿದರಂತೆ. ಗ್ರೀಕ್ ದೇವರುಗಳ ಬಗ್ಗೆ ಪಟಪಟ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರೆಂದು ಗೊತ್ತಿರಲಿಲ್ಲವಂತೆ. ಈ ಸಂಕಟದಿಂದ ಪುರಾಣದ ಸಾಲು ಹುಟ್ಟಿತು. ಆದರೆ ಯಾರ ಮಕ್ಕಳು ಮರೆತದ್ದು? ದೆಹಲಿಯಲ್ಲಿ ಟಿವಿ ಇದ್ದವರ ಮಕ್ಕಳು. ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿಯನ್ನು ಹಾಡುವ ಕಡೆ ಕೇರಿಯ ಮಕ್ಕಳು ಏನನ್ನೂ ಮರೆತಿರಲಿಲ್ಲ. ಅವರನ್ನು ಯಾರೂ ಕೇಳಲಿಲ್ಲ, ಅಷ್ಟೆ.

ನಮ್ಮ ಕೈಗೆ ಬರುವ ಹೊತ್ತಿಗೆ ಆ ಪುಸ್ತಕಗಳು ಹಳತಾಗಿದ್ದವು. ಶಾಲೆಯ ತಗಡಿನ ಟ್ರಂಕಿನಲ್ಲಿ ರಟ್ಟು ಕಿತ್ತು ಬಿದ್ದಿದ್ದವು. ಎಂಥ ಆಸೆ ನಮಗೆ! ಒತ್ತಕ್ಷರ ಕಲಿತದ್ದೇ ಆ ಮಾತಿನ ಗುಳ್ಳೆಗಳಿಂದ. ಅಕ್ಷರ ಬಾರದ ಅವ್ವನಿಗೆ ಓದಿ ಹೇಳ್ತಿದ್ದೆವು. ಅವಳು ಚಿತ್ರದ ಮೇಲೆ ಬೆರಳಿಟ್ಟು, 'ಇವ್ನು ನಮ್ ಬಣ್ಣದೋನು, ಯಾರ್ಲಾ ಇವ್ನು?' ಅಂದ್ರೆ, 'ರಾಕ್ಷಸ ಕಣವ್ವ' ಅಂತಿದ್ದೆವು. ಅವಳು ಸುಮ್ಮನೆ ಪುಟ ತಿರುವುತ್ತಿದ್ದಳು.

ಅವಳ ಬೆರಳು ನಮ್ಮನ್ನು ಮತ್ತೆ ಕುಟುಕಿದ್ದು ಹಾಸ್ಟೆಲಿನಲ್ಲಿ. ಕೆಂಪು, ಬಿಳಿ, ನೀಲಿ ಮೈಯವರೆಲ್ಲ ದೇವರು, ರಾಜರು. ಕಪ್ಪು ಮೈ, ದಪ್ಪ ತುಟಿಯವರೆಲ್ಲ ಅಸುರರು, ಆಳುಗಳು. ಬಣ್ಣದ ಡಬ್ಬಿಯಲ್ಲೂ ಮನು ಕೂತಿದ್ದ. ಆಗಲೇ ಅದೇ ಸಾಲಿನ ಇನ್ನೊಂದು ಪುಸ್ತಕ ಸಿಕ್ಕಿತು: ೧೯೭೯ರಲ್ಲಿ ಬಂದ 'ಬಾಬಾಸಾಹೇಬ್ ಅಂಬೇಡ್ಕರ್'. ಬರಹ ಎಸ್.ಎಸ್. ರೇಗೆ, ಚಿತ್ರ ದಿಲೀಪ್ ಕದಂ. ದೇವರುಗಳ ಸಾಲಿನಲ್ಲಿ ನಮ್ಮಪ್ಪ ಬಂದು ನಿಂತಹಾಗಿತ್ತು. ರೂಮಿನಿಂದ ರೂಮಿಗೆ ತಿರುಗಿ ಅದರ ಹೊಲಿಗೆ ಬಿಚ್ಚಿಹೋಯಿತು.

ಈಗ, ಚಳವಳಿಯ ನಾಲ್ಕು ಮಾತು ಕಿವಿಗೆ ಬಿದ್ದ ಮೇಲೆ, ಅದನ್ನು ಮತ್ತೆ ಓದಿದರೆ ಬೇರೆ ಏನೋ ಕಾಣುತ್ತದೆ. ಈ ಸರಣಿಯ ಅಚ್ಚೇ ಹಾಗೆ: ಮೂವತ್ತೆರಡು ಪುಟ, ಒಬ್ಬ ನಾಯಕ. ರಾಮನಿಗೂ ಶಿವಾಜಿಗೂ ಹೊಲಿದ ಅಂಗಿಯನ್ನೇ ಬಾಬಾಸಾಹೇಬರಿಗೂ ತೊಡಿಸಿದ್ದಾರೆ. ೧೯೨೭ರ ಮಾರ್ಚ್ ೨೦ರಂದು ಮಹಾಡಿನ ಕೆರೆಗೆ ಅವರು ಒಬ್ಬರೇ ನಡೆದದ್ದಲ್ಲ. ಹಿಂದೆ ಸಾವಿರಾರು ಜನ ಇದ್ದರು. ಆಮೇಲೆ ಲಾಠಿ ಏಟು ತಿಂದವರು ಆ ಜನ. ಒಬ್ಬನೇ ವೀರನ ಅಚ್ಚಿನಲ್ಲಿ ಅವರಿಗೆ ಜಾಗ ಎಲ್ಲಿ? ಒಬ್ಬ ಹುಡುಗ ಕಷ್ಟಪಟ್ಟು ಓದಿದ, ದೊಡ್ಡವನಾದ ಅನ್ನೋ ಕಥೆ ಉಳ್ಳವರಿಗೂ ಹಿತ. ಕೆರೆ ಯಾರದ್ದು ಎಂಬ ಪ್ರಶ್ನೆ ಅವರಿಗೆ ಹಿತವಲ್ಲ.

೨೦೧೧ರಲ್ಲಿ ನವಯಾನ ಪ್ರಕಾಶನ 'ಭೀಮಾಯಣ' ತಂದಿತು. ಚಿತ್ರ ಬರೆದವರು ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್. ಅವರು ಚೌಕಟ್ಟನ್ನೇ ಒಪ್ಪಲಿಲ್ಲ. ಜನರನ್ನು ಡಬ್ಬಿಯಲ್ಲಿ ತುಂಬೋದಿಲ್ಲ, ಗಾಳಿಯಾಡಲಿ ಎಂದರು. ಮೆದು ಮಾತಿಗೆ ಹಕ್ಕಿಯ ಆಕಾರ, ಜಾತಿಯ ವಿಷದ ಮಾತಿಗೆ ಚೇಳಿನ ಕೊಂಡಿ.

ಹಾಗಂತ ಅಮರ ಚಿತ್ರ ಕಥೆಯನ್ನು ಸುಡಬೇಕು ಅನ್ನೋ ಗೆಳೆಯರ ಜೊತೆ ನಾವಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಟ್ರಂಕಿಗೆ ಬೀಗ ಹಾಕಬೇಡಿ. ಮಕ್ಕಳು ಓದಲಿ, ಪೆನ್ಸಿಲ್ಲನ್ನೂ ಕೊಡಿ. ಈಚೆಗೆ ಕೇರಿಯ ಮಕ್ಕಳಿಗೆ ನಾವು ಎರಡೂ ಪುಸ್ತಕ ಕೊಟ್ಟೆವು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕ್ಷೌರದಂಗಡಿಯ ಬಾಗಿಲು ಬರೆದಳು. ಬಾಗಿಲಲ್ಲಿ ಅವಳ ಅಪ್ಪ ನಿಂತಿದ್ದಾನೆ. ಒಳಗಿಂದ ಬಂದ ಮಾತಿಗೆ ಕೊಂಡಿ ಬರೆದಿದ್ದಳು. ಅಪ್ಪನ ಬಾಯಿಂದ ಹೊರಟ ಗುಳ್ಳೆ ಮಾತ್ರ ಖಾಲಿ ಇತ್ತು. ಏನು ಬರೀಬೇಕು ಅಂತ ನಮ್ಮನ್ನೇ ಕೇಳಿದಳು.